ಬೆಳಕಿಗೆ ಕಂಪನಿಯ ಹಂಗಿಲ್ಲ

ಕ್ಯಾನನ್ ಕಂಪನಿ ಮಾರುಕಟ್ಟೆಗೆ ತಂದ ಮೊಟ್ಟಮೊದಲ ಕ್ಯಾಮೆರಾಕ್ಕೆ ಲೆನ್ಸ್ ಮಾಡಿಕೊಟ್ಟದ್ದು ನಿಕಾನ್. 1930ರ ದಶಕದ ನಡುವೆ ಬಂದ ಆ ಹನ್ಸಾ ಕ್ಯಾನನ್ನಿನ ಮುಂದೆ ಇದ್ದ 50 ಮಿ.ಮೀ. ನಿಕ್ಕೋರ್ ತಯಾರಾದದ್ದು ನಿಪ್ಪಾನ್ ಕೊಗಾಕು ಕಾರ್ಖಾನೆಯಲ್ಲಿ. ಇಂದು ನಾವು ನಿಕಾನ್ ಎನ್ನುವುದು ಅದೇ ಕಂಪನಿಯನ್ನು. 1950ರಲ್ಲಿ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಕೊರಿಯಾ ಯುದ್ಧದ ಚಿತ್ರ ತೆಗೆದದ್ದು ಜರ್ಮನಿಯ ಲೈಕಾ ಬಾಡಿಗೆ ಜಪಾನಿನ ನಿಕ್ಕೋರ್ ಲೆನ್ಸ್ ಹಾಕಿಕೊಂಡು. ಆ ಚಿತ್ರಗಳ ತೀಕ್ಷ್ಣತೆಯನ್ನು ನೋಡಿದ ಮೇಲೆಯೇ ಹೊರಜಗತ್ತಿನ ಪತ್ರಿಕಾ ಛಾಯಾಗ್ರಾಹಕರು ಜಪಾನಿನ ಲೆನ್ಸುಗಳನ್ನು ಗಂಭೀರವಾಗಿ ತೆಗೆದುಕೊಂಡರು. ರೋಲಿಫ್ಲೆಕ್ಸಿನ ಮುಂದೆ ಇರುತ್ತಿದ್ದದ್ದು ಝೈಸ್ ಅಥವಾ ಶ್ನೈಡರ್ ಲೆನ್ಸ್. ಹ್ಯಾಸಲ್‌ಬ್ಲಾಡ್ ದಶಕಗಳ ಕಾಲ ಬಳಸಿದ್ದೂ ಝೈಸ್ ಲೆನ್ಸುಗಳನ್ನೇ. ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರ ಗಾಜು ಎಂಬುದು ಛಾಯಾಗ್ರಹಣದಲ್ಲಿ ಮೊದಲಿನಿಂದ ನಡೆದುಕೊಂಡು ಬಂದ ಪದ್ಧತಿ.

ಇಷ್ಟಿದ್ದೂ ಇವತ್ತು ಕ್ಯಾಮೆರಾ ಅಂಗಡಿಯಲ್ಲಿ, ಫೋಟೋಗ್ರಫಿ ಕ್ಲಬ್ಬಿನಲ್ಲಿ, ಕಾರ್ಯಾಗಾರದಲ್ಲಿ ಕಲಿಯಲು ಬಂದ ಹುಡುಗರ ಕಿವಿಗೆ ಬೀಳುವ ಮಾತೇ ಬೇರೆ. ಬಾಡಿ ಯಾವ ಕಂಪನಿಯದೋ ಲೆನ್ಸೂ ಅದೇ ಕಂಪನಿಯದಾಗಿರಬೇಕು. ಅಡಾಪ್ಟರ್ ಹಾಕಿದರೆ ಕ್ವಾಲಿಟಿ ಹೋಗುತ್ತದೆ. ಹಳೆಯ ಲೆನ್ಸ್ ಫಿಲ್ಮಿಗೆ ಸರಿ, ಡಿಜಿಟಲ್ಲಿಗೆ ಸಾಲದು. ಕೈಯಲ್ಲಿ ಫೋಕಸ್ ಮಾಡುವ ಕಾಲ ಮುಗಿಯಿತು. ಈ ಮಾತುಗಳನ್ನು ಹೇಳುವವರಲ್ಲಿ ಅನುಭವಿಗಳೂ ಇದ್ದಾರೆ, ಒಳ್ಳೆಯ ಚಿತ್ರ ತೆಗೆಯುವವರೂ ಇದ್ದಾರೆ. ಆದರೂ ಈ ತಿಳಿವಳಿಕೆ ತಪ್ಪು, ಮತ್ತು ಇದರಿಂದ ನಷ್ಟವಾಗುತ್ತಿದೆ. ದುಡ್ಡಿಲ್ಲದ ಹುಡುಗ ಒಳ್ಳೆಯ ಗಾಜಿನಿಂದ ದೂರ ಉಳಿಯುತ್ತಾನೆ. ಇನ್ನೂ ನೂರಾರು ಮುಖಗಳನ್ನು ಕಾಣಬಲ್ಲ ಲೆನ್ಸು ಬೀರುವಿನಲ್ಲಿ ಫಂಗಸ್ ಹಿಡಿದು ಸಾಯುತ್ತದೆ.

ಮೊದಲು ಅಡಾಪ್ಟರಿನ ಮಾತು. ಲೆನ್ಸು ಕೂರುವ ಲೋಹದ ಬಳೆಯಿಂದ ಫಿಲ್ಮಿನ ಅಥವಾ ಸೆನ್ಸರಿನ ಮುಖದವರೆಗಿನ ದೂರವನ್ನು ಪ್ರತಿಯೊಂದು ಮೌಂಟಿಗೂ ನಿಗದಿ ಮಾಡಿರುತ್ತಾರೆ. ಹಳೆಯ ಪೆಂಟಾಕ್ಸ್, ಪ್ರಾಕ್ಟಿಕಾ, ಜೆನಿತ್ ಕ್ಯಾಮೆರಾಗಳ ಎಂ42 ತಿರುಪಿನ ಮೌಂಟಿನಲ್ಲಿ ಅದು 45.46 ಮಿ.ಮೀ., ನಿಕಾನ್ ಎಫ್‌ನಲ್ಲಿ 46.5, ಹಳೆಯ ಮಿನೋಲ್ಟಾದಲ್ಲಿ 43.5, ಹಳೆಯ ಕ್ಯಾನನ್ ಎಫ್‌ಡಿಯಲ್ಲಿ 42. ಒಳಗೆ ಕನ್ನಡಿ ಮೇಲೆದ್ದು ಕೆಳಗಿಳಿಯಲು ಜಾಗ ಬೇಕಾಗಿದ್ದರಿಂದ ಎಸ್‌ಎಲ್‌ಆರ್‌ಗಳಲ್ಲಿ ಈ ದೂರ ಹೆಚ್ಚು. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿ ಇಲ್ಲ, ದೂರವೂ ಕಡಿಮೆ: ಸೋನಿ ಇ ಮೌಂಟಿನಲ್ಲಿ 18 ಮಿ.ಮೀ., ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20, ಫ್ಯೂಜಿ ಎಕ್ಸ್‌ನಲ್ಲಿ 17.7. ಎಂ42 ಲೆನ್ಸನ್ನು ಸೋನಿಗೆ ಹಾಕಬೇಕಾದರೆ ನಡುವೆ 27.46 ಮಿ.ಮೀ. ಉದ್ದದ ಲೋಹದ ಕೊಳವೆಯೊಂದು ಇದ್ದರೆ ಸಾಕು. ಅದರೊಳಗೆ ಗಾಜಿಲ್ಲ, ಗಾಳಿ ಮಾತ್ರ ಇದೆ. ಗಾಳಿಯಿಂದ ಯಾವ ಕ್ವಾಲಿಟಿ ಹೋಗುತ್ತದೆ? ಹಳೆಯ ಕ್ಯಾಮೆರಾದಲ್ಲೂ ಆ ಲೆನ್ಸಿನ ಹಿಂದೆ ಅಷ್ಟೇ ಉದ್ದದ ಗಾಳಿ ಇತ್ತು.

ಅಡಾಪ್ಟರಿಗೆ ಕೆಟ್ಟ ಹೆಸರು ಬಂದದ್ದು ಎಲ್ಲಿಂದ ಎಂದರೆ, ಡಿಎಸ್‌ಎಲ್‌ಆರ್ ಕಾಲದಲ್ಲಿ ನಿಕಾನ್ ಬಾಡಿಗೆ ಎಂ42 ಲೆನ್ಸ್ ಹಾಕಲು ಹೋದವರ ಅನುಭವದಿಂದ. ನಿಕಾನಿನ ದೂರವೇ ಹೆಚ್ಚಾದ್ದರಿಂದ ಲೆನ್ಸು ಸೆನ್ಸರಿಗೆ ಬೇಕಾದಷ್ಟು ಹತ್ತಿರ ಬರುತ್ತಿರಲಿಲ್ಲ, ದೂರದ ಬೆಟ್ಟಕ್ಕೆ ಫೋಕಸ್ ಆಗುತ್ತಿರಲಿಲ್ಲ. ಅದನ್ನು ಸರಿಪಡಿಸಲು ಅಡಾಪ್ಟರಿನೊಳಗೆ ಅಗ್ಗದ ಗಾಜೊಂದನ್ನು ಕೂರಿಸುತ್ತಿದ್ದರು, ಚಿತ್ರ ಮಸುಕಾಗುತ್ತಿತ್ತು. ಆ ದೂರು ನಿಜವೇ. ಆದರೆ ಅದು ಒಂದು ಜೋಡಣೆಯ ದೋಷ. ಅದೇ ಕಾಲದಲ್ಲಿ 44 ಮಿ.ಮೀ. ದೂರದ ಕ್ಯಾನನ್ ಇಒಎಸ್ ಬಾಡಿಗೆ ಅದೇ ಎಂ42 ಲೆನ್ಸನ್ನು ಒಂದೂವರೆ ಮಿ.ಮೀ. ದಪ್ಪದ ಖಾಲಿ ಬಳೆಯಿಂದ ಹಾಕಿ ಅನಂತದವರೆಗೂ ಫೋಕಸ್ ಮಾಡಬಹುದಿತ್ತು. ಒಂದು ಬಾಡಿಯ ತೊಂದರೆಯನ್ನು ಎಲ್ಲ ಅಡಾಪ್ಟರುಗಳ ತಲೆಗೆ ಕಟ್ಟಿ, ಮಿರರ್‌ಲೆಸ್ ಬಂದು ಎಷ್ಟೋ ವರ್ಷಗಳಾದ ಮೇಲೂ ಅದನ್ನೇ ಹೇಳಿಕೊಂಡು ಬರುವುದು ಸರಿಯಲ್ಲ.

'ಒಂದೇ ಕಂಪನಿಯದಾದರೆ ಹೊಂದಿಕೆ' ಎಂಬ ನಂಬಿಕೆಯನ್ನೂ ಸ್ವಲ್ಪ ಕೆದಕಿ ನೋಡೋಣ. 1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ತಂದಿತು. 42 ಮಿ.ಮೀ. ದೂರಕ್ಕೆಂದು ಮಾಡಿದ ಲೆನ್ಸನ್ನು 44 ಮಿ.ಮೀ. ದೂರದ ಬಾಡಿಗೆ ಸರಳವಾಗಿ ಜೋಡಿಸಲು ಸಾಧ್ಯವೇ ಇಲ್ಲ. ಎಫ್‌ಡಿ ಲೆನ್ಸುಗಳ ಮೇಲೆ ಹಣ ಸುರಿದಿದ್ದ ವೃತ್ತಿಪರರ ಸಂಗ್ರಹ ಅವರ ನೆಚ್ಚಿನ ಕಂಪನಿಯ ಹೊಸ ಕ್ಯಾಮೆರಾಕ್ಕೇ ಹೊರಗಿನದಾಯಿತು. ನಿಕಾನ್ 1959ರ ಎಫ್ ಮೌಂಟನ್ನು ಉಳಿಸಿಕೊಂಡಿತು, ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಆದರೆ ಕಾಲೇಜು ಹುಡುಗರ ಕೈಗೆ ಎಟುಕುವ ಡಿ3400ರಂಥ ನಿಕಾನ್ ಬಾಡಿಗೆ ನಿಕಾನಿನದೇ 50 ಮಿ.ಮೀ. ಎಐ-ಎಸ್ ಲೆನ್ಸ್ ಹಾಕಿ ನೋಡಿ. ಲೆನ್ಸು ಕೂರುತ್ತದೆ, ಬೆಳಕಿನ ಅಳತೆ ಮಾತ್ರ ಬರುವುದಿಲ್ಲ, ಮೀಟರ್ ಸುಮ್ಮನಿರುತ್ತದೆ. ಅದೇ ಲೆನ್ಸನ್ನು ಖಾಲಿ ಬಳೆಯೊಂದರ ಮೂಲಕ ಸೋನಿಯ ಅಥವಾ ಫ್ಯೂಜಿಯ ಮಿರರ್‌ಲೆಸ್ ಬಾಡಿಗೆ ಹಾಕಿದರೆ ಮೀಟರ್ ಕೆಲಸ ಮಾಡುತ್ತದೆ, ಅಪರ್ಚರ್ ಪ್ರಯಾರಿಟಿ ಕೆಲಸ ಮಾಡುತ್ತದೆ, ಎದುರಿನವರ ಕಣ್ಣಿನ ರೆಪ್ಪೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ ಫೋಕಸ್ ಮಾಡಬಹುದು. ಬಾಡಿಯೊಳಗೆ ಸೆನ್ಸರನ್ನು ಅಲುಗದಂತೆ ಹಿಡಿಯುವ ವ್ಯವಸ್ಥೆ ಇದ್ದರೆ, ಮೆನುವಿನಲ್ಲಿ 50 ಮಿ.ಮೀ. ಎಂದು ನಮೂದಿಸಿದರೆ ಸಾಕು, ಆ ಸೌಲಭ್ಯವೂ ಸಿಗುತ್ತದೆ. ಹುಟ್ಟಿದ ಮನೆಯಲ್ಲಿ ಸಿಗದ ಅನ್ನ ಪರರ ಮನೆಯಲ್ಲಿ ಸಿಕ್ಕಿದೆ. ಹೀಗಿರುವಾಗ ಹೊಂದಿಕೆಯ ಹೆಸರಿನಲ್ಲಿ ಬ್ರಾಂಡ್ ನಿಷ್ಠೆಯನ್ನು ಬೋಧಿಸುವುದಕ್ಕೆ ಏನು ಆಧಾರ?

ಮೌಂಟಿನ ಬೇಲಿಯನ್ನು ಹಾಕಿದ್ದು ವ್ಯಾಪಾರ. 39 ಮಿ.ಮೀ. ತಿರುಪಿನ ಲೈಕಾ ಮೌಂಟನ್ನು ಕ್ಯಾನನ್ ಬಳಸಿತು, ಸೋವಿಯತ್ತಿನ ಫೆಡ್, ಝೋರ್ಕಿಗಳು ಬಳಸಿದವು. ಎಂ42 ಅಂತೂ ಪೂರ್ವ ಜರ್ಮನಿಯಲ್ಲಿ ಹುಟ್ಟಿ ಜಪಾನ್, ಸೋವಿಯತ್ ಒಕ್ಕೂಟಗಳನ್ನೆಲ್ಲ ಸುತ್ತಿತು. ಶೀತಲ ಸಮರದ ಎರಡೂ ಬದಿಯ ಲೆನ್ಸುಗಳು ಒಂದೇ ತಿರುಪಿನಲ್ಲಿ ಕೂರುತ್ತಿದ್ದವು. ಆಮೇಲೆ ಬೇಲಿ ಎತ್ತರವಾಯಿತು. ಕ್ಯಾನನ್ನಿನ ಆರ್‌ಎಫ್ ಮೌಂಟಿಗೆ ಆಟೋಫೋಕಸ್ ಲೆನ್ಸ್ ಮಾಡುತ್ತಿದ್ದ ವಿಲ್ಟ್ರಾಕ್ಸ್ 2022ರಲ್ಲಿ ಅವುಗಳ ಮಾರಾಟ ನಿಲ್ಲಿಸಬೇಕಾಯಿತು. ಕ್ಯಾನನ್ ತನ್ನ ಲಾಭಕ್ಕಾಗಿ ಹೀಗೆ ಬೇಲಿ ಹಾಕುವುದು ಅರ್ಥವಾಗುತ್ತದೆ. ಗ್ರಾಹಕರಾದ ನಾವು ಆ ಲಾಭವನ್ನೇ ದೃಗ್ವಿಜ್ಞಾನದ ನಿಯಮವೆಂದು ಮಕ್ಕಳಿಗೆ ಕಲಿಸುವುದು ನನಗೆ ಅರ್ಥವಾಗುವುದಿಲ್ಲ.

ಇನ್ನು 'ಹಳೆಯ ಲೆನ್ಸು ಇಷ್ಟು ಮೆಗಾಪಿಕ್ಸೆಲ್ಲಿಗೆ ಸಾಲದು' ಎಂಬ ವಾದ. ಇದು ಲೆಕ್ಕದ ಮಾತು, ಲೆಕ್ಕದಲ್ಲೇ ನೋಡಬೇಕು. 24 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಸೆನ್ಸರಿನಲ್ಲಿ 36 ಮಿ.ಮೀ. ಅಗಲಕ್ಕೆ 6000 ಪಿಕ್ಸೆಲ್, ಅಂದರೆ ಒಂದೊಂದೂ 6 ಮೈಕ್ರಾನ್. ಮಿಲಿಮೀಟರಿಗೆ ಸುಮಾರು 83 ಜೋಡಿ ಗೆರೆಗಳನ್ನು ಬಿಡಿಸಿ ತೋರಿಸುವುದು ಅದರ ಮಿತಿ. ಫಂಗಸ್ ಇಲ್ಲದ, ಗೀರಿಲ್ಲದ ಹಳೆಯ 50 ಮಿ.ಮೀ. ಲೆನ್ಸೊಂದನ್ನು ಎಫ್/5.6ಕ್ಕೋ ಎಫ್/8ಕ್ಕೋ ಇಳಿಸಿದರೆ ಚೌಕಟ್ಟಿನ ನಡುಭಾಗದಲ್ಲಿ ಅದು ಈ ಮಿತಿಗೆ ಹೆದರಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು, 'ಸಾಲದು' ಎಂಬ ಮಾತಿನಲ್ಲೇ ಇರುವ ತಪ್ಪು ಕಲ್ಪನೆ. ಲೆನ್ಸೂ ಸೆನ್ಸರೂ ಸೇರಿ ಕೊಡುವ ಸ್ಪಷ್ಟತೆ ಎರಡರ ಗುಣಾಕಾರ. ಒಂದು ಸೂಕ್ಷ್ಮ ವಿವರದ ಕಪ್ಪುಬಿಳುಪಿನ ಅಂತರದಲ್ಲಿ ಲೆನ್ಸು ನೂರಕ್ಕೆ 60 ಭಾಗ ಉಳಿಸಿಕೊಂಡು, ಸೆನ್ಸರು ಅದರಲ್ಲಿ 50 ಭಾಗ ಉಳಿಸಿಕೊಂಡರೆ ಚಿತ್ರದಲ್ಲಿ ಸಿಗುವುದು 30. ಲೆನ್ಸನ್ನು ಮುಟ್ಟದೆ ಸೆನ್ಸರನ್ನು ಮಾತ್ರ ಬದಲಿಸಿ 70 ಮಾಡಿದರೆ ಸಿಗುವುದು 42. ಒಳ್ಳೆಯ ಸೆನ್ಸರು ಬಂದಷ್ಟೂ ಹಳೆಯ ಲೆನ್ಸಿನಿಂದ ಹೆಚ್ಚು ವಿವರ ಹೊರಬರುತ್ತದೆ. ಫಿಲ್ಮಿನ ಕಾಳುಗಳ ನಡುವೆ ಆ ಗಾಜು ಏನನ್ನು ನೋಡಿತ್ತೆಂಬುದು ಆಗ ಪೂರ್ತಿ ಗೊತ್ತಾಗಿರಲೇ ಇಲ್ಲ.

ಈ ಸ್ಪಷ್ಟತೆ ಕೊನೆಗೆ ಹೋಗಿ ಸೇರುವುದೆಲ್ಲಿಗೆ ಎಂದೂ ಕೇಳಬೇಕು. 12x18 ಇಂಚಿನ ಹಾಳೆಗೆ ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಬೇಕಾಗುವುದು 20 ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಕಡಿಮೆ. ಮದುವೆಯ ಕರಿಜ್ಮಾ ಆಲ್ಬಮ್ಮಿನ ಒಂದು ಪುಟ ಸಾಮಾನ್ಯವಾಗಿ ಅಷ್ಟೇ. ಉಳಿದ ಬಹುಪಾಲು ಚಿತ್ರಗಳನ್ನು ಜನ ನೋಡುವುದು ಮೊಬೈಲಿನ ಪರದೆಯ ಮೇಲೆ. ಮೂಲೆಯ ತೀಕ್ಷ್ಣತೆಯಲ್ಲಿ, ಪೂರ್ತಿ ತೆರೆದ ಅಪರ್ಚರಿನಲ್ಲಿ, ಎದುರು ಬೆಳಕಿನಲ್ಲಿ ಹೊಸ ಲೆನ್ಸುಗಳು ಮೇಲು. ಅದನ್ನು ಅಲ್ಲಗಳೆಯುವುದು ಹಠವಾಗುತ್ತದೆ. ಆದರೆ ಕಿಟಕಿಯ ಪಕ್ಕ ಕೂತ ಅಜ್ಜಿಯ ಮುಖವನ್ನು ಎಫ್/2ರಲ್ಲಿ ತೆಗೆಯುವಾಗ ಚೌಕಟ್ಟಿನ ಮೂಲೆಯಲ್ಲಿರುವುದು ಮಸುಕಾದ ಗೋಡೆ. ಅದು ಎಷ್ಟು ತೀಕ್ಷ್ಣವಾಗಿದ್ದರೆ ಯಾರಿಗೇನಾಗಬೇಕು?

ಮ್ಯಾನುವಲ್ ಫೋಕಸ್ ಕಷ್ಟ ಎಂಬ ನಂಬಿಕೆಗೂ ಒಂದು ಕಾಲದಲ್ಲಿ ಕಾರಣ ಇತ್ತು. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2ಗಳ ಕಾಲದಲ್ಲಿ ವ್ಯೂಫೈಂಡರಿನ ನಡುವೆ ಫೋಕಸ್ ತಿಳಿಯಲೆಂದೇ ಮಾಡಿದ ಸಾಧನ ಇರುತ್ತಿತ್ತು. ಎಫ್‌ಎಂ2ನಲ್ಲಿ ಚಿತ್ರ ಎರಡಾಗಿ ಸೀಳಿ ಕಾಣುವುದು, ಫೋಕಸ್ ಬಂದಾಗ ಕೂಡಿಕೊಳ್ಳುವುದು. ಆಟೋಫೋಕಸ್ ಬಂದ ಮೇಲೆ ಕಂಪನಿಗಳು ಆ ಸಾಧನವನ್ನು ತೆಗೆದುಹಾಕಿದವು. ಅಗ್ಗದ ಡಿಎಸ್‌ಎಲ್‌ಆರ್‌ಗಳಲ್ಲಿ ವ್ಯೂಫೈಂಡರ್ ಚಿಕ್ಕದಾಯಿತು. ಅದರೊಳಗಿನ ಪರದೆಯನ್ನು ಮಂದ ಬೆಳಕಿನ ಜೂಮ್ ಲೆನ್ಸುಗಳಿಗೆ ಹೊಂದುವಂತೆ ಮಾಡಿದರು. ಎಫ್/1.4ರ ಲೆನ್ಸಿನಲ್ಲಿ ಫೋಕಸ್ ಎಲ್ಲಿದೆಯೆಂದು ಆ ಪರದೆ ನಿಜ ಹೇಳುತ್ತಲೇ ಇರಲಿಲ್ಲ. ಆಗ ಕಣ್ಣು ಸೋತದ್ದಕ್ಕೆ ಲೆನ್ಸನ್ನು ದೂರಿದರು. ಈಗ ಮಿರರ್‌ಲೆಸ್ಸಿನಲ್ಲಿ ಸೆನ್ಸರು ಕಂಡದ್ದನ್ನೇ ಕಣ್ಣು ಕಾಣುತ್ತದೆ, ಬೇಕಾದ ಜಾಗವನ್ನು ಹಿಗ್ಗಿಸಿ ನೋಡಬಹುದು, ಫೋಕಸ್ ಬಂದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಇದೆ. ಕೈಯಲ್ಲಿ ಫೋಕಸ್ ಮಾಡುವುದು ಯಾವ ಕಾಲದಲ್ಲೂ ಇಷ್ಟು ನಿಖರವಾಗಿರಲಿಲ್ಲ. ಕಾರಣ ಹೋಗಿ ಇಷ್ಟು ವರ್ಷವಾದರೂ ನಂಬಿಕೆ ಉಳಿದುಕೊಂಡಿದೆ.

ಸಂಡೂರಿನ ಎಂ.ವೈ. ಘೋರ್ಪಡೆಯವರ ವನ್ಯಜೀವಿ ಛಾಯಾಚಿತ್ರಗಳ ಪುಸ್ತಕ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಬಂದದ್ದು 1983ರಲ್ಲಿ. ಆಟೋಫೋಕಸ್ಸನ್ನು ಜಗತ್ತಿನಾದ್ಯಂತ ರೂಢಿಗೆ ತಂದ ಮಿನೋಲ್ಟಾ 7000 ಬಂದದ್ದು 1985ರಲ್ಲಿ. ಕಾಡಿನ ಆನೆ, ಚಿರತೆಗಳನ್ನು ಆ ತಲೆಮಾರು ಬೆರಳ ತುದಿಯ ಅಂದಾಜಿನಲ್ಲಿ ಹಿಡಿದಿತ್ತು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಇವರೆಲ್ಲ ಅದೇ ಶಾಲೆಯವರು. ಅವರಿಗೆ ಬೇರೆ ದಾರಿ ಇರಲಿಲ್ಲವಲ್ಲ ಎಂದು ಕೇಳಬಹುದು. ಇರಲಿಲ್ಲ, ಒಪ್ಪುತ್ತೇನೆ. ಹಾಗಾದರೆ ಬೇರೆ ದಾರಿ ಧಾರಾಳವಾಗಿರುವ ಸಿನಿಮಾದವರನ್ನು ನೋಡಿ. ಮೈಸೂರಿನ ವಿ.ಕೆ. ಮೂರ್ತಿಯವರು 1959ರಲ್ಲಿ 'ಕಾಗಜ್ ಕೆ ಫೂಲ್' ಚಿತ್ರೀಕರಿಸಿದಾಗ ಲೆನ್ಸಿನ ಬಳೆ ತಿರುಗಿಸುತ್ತಿದ್ದದ್ದು ಕೈ. ಇವತ್ತಿಗೂ ದೊಡ್ಡ ಸಿನಿಮಾದ ಸೆಟ್ಟಿನಲ್ಲಿ ಫೋಕಸ್ ಪುಲ್ಲರ್ ಎಂಬ ಪರಿಣತರು ಆ ಕೆಲಸಕ್ಕೆಂದೇ ಇರುತ್ತಾರೆ. ಯಾವ ಮುಖದಿಂದ ಯಾವ ಮುಖಕ್ಕೆ, ಯಾವ ಕ್ಷಣದಲ್ಲಿ, ಎಷ್ಟು ನಿಧಾನವಾಗಿ ನೋಟ ಸರಿಯಬೇಕು ಎಂಬುದನ್ನು ನಿರ್ಧರಿಸುವುದು ಕಥೆ ಬಲ್ಲ ಮನುಷ್ಯ.

ಲೆನ್ಸು ಒಬ್ಬರದು, ಕ್ಯಾಮೆರಾ ಇನ್ನೊಬ್ಬರದು ಎಂಬುದರಲ್ಲೂ ಸಿನಿಮಾಕ್ಕೆ ಮುಜುಗರವಿಲ್ಲ. 'ಬ್ಯಾರಿ ಲಿಂಡನ್' ಚಿತ್ರದ ಮೋಂಬತ್ತಿ ಬೆಳಕಿನ ದೃಶ್ಯಗಳಿಗಾಗಿ ಸ್ಟ್ಯಾನ್ಲಿ ಕುಬ್ರಿಕ್, ನಾಸಾಗೆಂದು ಝೈಸ್ ಮಾಡಿದ್ದ 50 ಮಿ.ಮೀ. ಎಫ್/0.7 ಲೆನ್ಸನ್ನು ಮಿಚೆಲ್ ಕ್ಯಾಮೆರಾಕ್ಕೆ ಕೂರಿಸಿಕೊಂಡರು. ಅದಕ್ಕಾಗಿ ಕ್ಯಾಮೆರಾವನ್ನೇ ಕೊರೆದು ಬದಲಿಸಬೇಕಾಯಿತು. 2016ರ 'ರೋಗ್ ಒನ್' ಚಿತ್ರವನ್ನು ತೆಗೆದದ್ದು ಆರಿ ಕಂಪನಿಯ ಅಲೆಕ್ಸಾ 65 ಡಿಜಿಟಲ್ ಕ್ಯಾಮೆರಾದಲ್ಲಿ, ಮುಂದೆ ಇದ್ದದ್ದು ಅಲ್ಟ್ರಾ ಪ್ಯಾನವಿಷನ್ 70 ಲೆನ್ಸುಗಳು. 'ಬೆನ್-ಹರ್' ಕಾಲದ, ಅಂದರೆ 1950ರ ದಶಕದ ಪರಂಪರೆಯವು ಅವು. ಯಾವ ಹೊಸ ಲೆನ್ಸನ್ನಾದರೂ ಬಾಡಿಗೆಗೆ ತರಬಲ್ಲವರು ಹಳೆಯದನ್ನು ಆರಿಸಿಕೊಂಡರೆ ಕಲೆ, ಕಲಿಯುವ ಹುಡುಗಿ ಅಜ್ಜನ ಪೆಂಟಾಕ್ಸಿನ ಲೆನ್ಸನ್ನು ಸೋನಿಗೆ ಹಾಕಿದರೆ ಜುಗ್ಗತನ. ಈ ಭೇದವನ್ನು ನಾನು ಒಪ್ಪುವುದಿಲ್ಲ.

ಬಾಳಿಕೆಯ ವಿಷಯಕ್ಕೆ ಬಂದರೆ ನನ್ನ ಆತಂಕ ಹೊಸ ಲೆನ್ಸುಗಳ ಬಗ್ಗೆಯೇ. ಹಳೆಯ ಲೆನ್ಸಿನ ಫೋಕಸ್ ರಿಂಗನ್ನು ತಿರುಗಿಸಿದರೆ ಒಳಗಿನ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಿರುಪು ಗಾಜನ್ನು ಮುಂದಕ್ಕೆ ತಳ್ಳುತ್ತದೆ. ಇವತ್ತಿನ ಅನೇಕ ಲೆನ್ಸುಗಳಲ್ಲಿ ರಿಂಗಿಗೂ ಗಾಜಿಗೂ ಸಂಬಂಧವಿಲ್ಲ. ರಿಂಗು ಸಂಕೇತ ಕಳಿಸುತ್ತದೆ, ಮೋಟಾರು ಗಾಜನ್ನು ಸರಿಸುತ್ತದೆ. ಬಾಡಿಯಿಂದ ವಿದ್ಯುತ್ತು ಬರದಿದ್ದರೆ ಫೋಕಸ್ಸೂ ಇಲ್ಲ, ಅಪರ್ಚರೂ ಇಲ್ಲ. ಸ್ಯಾಮ್‌ಸಂಗ್ ತನ್ನ ಎನ್‌ಎಕ್ಸ್ ಕ್ಯಾಮೆರಾಗಳ ವ್ಯವಹಾರವನ್ನು ಕಳೆದ ದಶಕದ ನಡುವೆ ಕೈಬಿಟ್ಟಿತು. ಅದಕ್ಕೆ ಮಾಡಿದ್ದ ಲೆನ್ಸುಗಳಲ್ಲಿ ನಿಜಕ್ಕೂ ಒಳ್ಳೆಯವು ಇದ್ದವು, ಗಾಜು ಇಂದಿಗೂ ಹೊಳೆಯುತ್ತಿರುತ್ತದೆ. ಬೇರೆ ಬಾಡಿಯ ಮೇಲೆ ಅವು ಖಾಲಿ ಬಳೆಯಿಂದ ಪೂರ್ತಿಯಾಗಿ ಕೆಲಸ ಮಾಡುವುದಿಲ್ಲ. ಪೆಂಟಾಕ್ಸಿನ 1960ರ ದಶಕದ ಟಕುಮಾರ್ ಲೆನ್ಸು ಈಗ ಮಾರಾಟದಲ್ಲಿರುವ ಹೆಚ್ಚುಕಡಿಮೆ ಎಲ್ಲ ಮಿರರ್‌ಲೆಸ್ ಬಾಡಿಗಳ ಮೇಲೂ ಚಿತ್ರ ಕೊಡುತ್ತದೆ. ಲಕ್ಷ ರೂಪಾಯಿ ದಾಟಿದ ಹೊಸ ಲೆನ್ಸನ್ನು ಕೊಳ್ಳುವವರು ಕೊಳ್ಳಲಿ. ಇದು ಜೀವಮಾನದ ಹೂಡಿಕೆ ಎಂದು ಅವರಿಗೆ ಹೇಳುವ ಅಂಗಡಿಯವರು ಈ ಅಂಶವನ್ನೂ ಹೇಳಲಿ.

ಹಳೆಯ ಲೆನ್ಸು ಆಗದ ಜಾಗಗಳಿವೆ. ಮಾಂಗಲ್ಯಧಾರಣೆಯ ಕ್ಷಣದಲ್ಲಿ, ಸುತ್ತ ನೂರು ಕೈ ಅಕ್ಷತೆ ಎರಚುವಾಗ, ಫೋಕಸ್ ರಿಂಗ್ ಹುಡುಕುವ ಛಾಯಾಗ್ರಾಹಕ ಆ ಮನೆಯವರಿಗೆ ಅನ್ಯಾಯ ಮಾಡುತ್ತಾನೆ. ಹಾರುವ ಹಕ್ಕಿಗೆ, ಕಬಡ್ಡಿ ಅಂಕಣಕ್ಕೆ ಕಣ್ಣು ಗುರುತಿಸುವ ಆಟೋಫೋಕಸ್ಸೇ ಬೇಕು. ರೇಂಜ್‌ಫೈಂಡರ್ ಕ್ಯಾಮೆರಾಗಳಿಗೆ ಮಾಡಿದ ಹಳೆಯ ವೈಡ್ ಲೆನ್ಸುಗಳು ಸೆನ್ಸರಿಗೆ ಬಹಳ ಹತ್ತಿರ ಕೂರುವುದರಿಂದ ಬೆಳಕು ಅಂಚಿನಲ್ಲಿ ಓರೆಯಾಗಿ ಬಿದ್ದು, ಸೆನ್ಸರಿನ ಮುಂದಿನ ದಪ್ಪ ಗಾಜನ್ನು ಹಾಯುವಾಗ ಅಂಚು ಮಸುಕಾಗುತ್ತದೆ, ಕೆಲವೊಮ್ಮೆ ಬಣ್ಣವೂ ಕೆಡುತ್ತದೆ. ಎಸ್‌ಎಲ್‌ಆರ್ ಲೆನ್ಸುಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಸೆನ್ಸರು ಫಿಲ್ಮಿಗಿಂತ ಹೆಚ್ಚು ಹೊಳೆಯುವುದರಿಂದ ಹಿಂದಿನ ಗಾಜಿಗೆ ಬೆಳಕು ವಾಪಸಾಗಿ ಚಿತ್ರ ಬಿಳುಚಿಕೊಳ್ಳುವುದೂ ಉಂಟು.  ಇವು ನಿರ್ದಿಷ್ಟ ಮಿತಿಗಳು, ತಿಳಿದುಕೊಂಡು ಬಳಸಬೇಕಾದವು. ಆದರೆ ಯಕ್ಷಗಾನದ ರಂಗಸ್ಥಳದಲ್ಲಿ ವೇಷ ಎಲ್ಲಿ ನಿಂತು ಅರ್ಥ ಹೇಳುತ್ತದೆಂದು ಬಲ್ಲವನಿಗೆ, ಕುಂಬಾರನ ತಿಗರಿಯ ಮುಂದೆ ಕೂತವನಿಗೆ, ದೇವಸ್ಥಾನದ ಕಂಬದ ಕೆತ್ತನೆ ತೆಗೆಯುವವನಿಗೆ, ಹೂವಿನ ಮೇಲಿನ ಜೇಡಕ್ಕೆ ಕಾಯುವವನಿಗೆ ಆ ಮಿತಿಗಳಲ್ಲಿ ಯಾವುದು ಅಡ್ಡಿ?

ಹಳೆಯ ಲೆನ್ಸನ್ನು ಹೊಗಳುವವರಲ್ಲಿ ಒಂದು ಪಂಗಡದ ಮೇಲೂ ನನಗೆ ತಕರಾರಿದೆ. ಸೋವಿಯತ್ತಿನ ಹೀಲಿಯೋಸ್ 44-2 ಲೆನ್ಸಿನ ಹಿನ್ನೆಲೆ ಸುಳಿಯಂತೆ ತಿರುಗುವುದನ್ನೇ ಮಂತ್ರವೆಂಬಂತೆ ಹೇಳಿಕೊಂಡು, ಪ್ರತಿಯೊಂದು ಚಿತ್ರದಲ್ಲೂ ಆ ಸುಳಿಯನ್ನೇ ಹುಡುಕುವವರು ಇವರು. ಆ ಸುಳಿ ಝೈಸ್ ಬಯೋಟಾರ್ ವಿನ್ಯಾಸದಿಂದ ಬಂದ ಲೆನ್ಸಿನ ಒಂದು ದೋಷ. ಚೌಕಟ್ಟಿನ ಅಂಚಿನಲ್ಲಿ ಬೆಳಕಿನ ಕಿರಣಗಳು ಕತ್ತರಿಸಿಹೋಗುವುದರ ಫಲ. ಸರಿಯಾದ ಕಡೆ ಅದು ಚೆಂದ ಕಾಣುತ್ತದೆ. ಆದರೆ ಹಳೆಯ ಲೆನ್ಸೆಂದರೆ ವಿಚಿತ್ರ ಪರಿಣಾಮವೆಂದೇ ಪ್ರಚಾರ ಮಾಡಿ ಇವರು ಎದುರಾಳಿಗಳ ವಾದಕ್ಕೇ ಬಲ ಕೊಟ್ಟಿದ್ದಾರೆ. ನನಗೆ ಹಳೆಯ ನಿಕ್ಕೋರ್, ಟಕುಮಾರ್, ರೊಕ್ಕೋರ್‌ಗಳು ಬೇಕಾಗಿರುವುದು ಅವು ಸರಳವಾಗಿ, ನಂಬಿಕೆಗೆ ತಕ್ಕಂತೆ, ಎದುರಿಗಿದ್ದದ್ದನ್ನು ತೋರಿಸುತ್ತವೆಂಬ ಕಾರಣಕ್ಕೆ.

ಕಲಿಯುವವರಿಗೆ ಇದರಿಂದ ಸಿಗುವುದು ಉಳಿತಾಯವೊಂದೇ ಅಲ್ಲ. ಅಪರ್ಚರ್ ರಿಂಗನ್ನು ಟಿಕ್ ಟಿಕ್ ಎಂದು ಇಳಿಸುತ್ತ ಹೋದಂತೆ ಪರದೆಯ ಮೇಲೆ ಹಿನ್ನೆಲೆ ಗಟ್ಟಿಯಾಗುವುದನ್ನು, ಒಳಗಿನ ಎಸಳುಗಳು ಮುಚ್ಚಿಕೊಳ್ಳುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಎಫ್ ಸಂಖ್ಯೆಯನ್ನು ಮತ್ತೆ ವಿವರಿಸಬೇಕಾಗಿಲ್ಲ. ಲೆನ್ಸಿನ ಮೈಮೇಲೆ ಕೆತ್ತಿದ ದೂರದ ಅಂಕಿಗಳು, ಪಕ್ಕದ ಆಳದ ಗೆರೆಗಳು ಒಂದು ಪಾಠಪುಸ್ತಕವನ್ನೇ ಹೇಳುತ್ತವೆ. ದೃಶ್ಯಕಲೆ, ಪತ್ರಿಕೋದ್ಯಮ ಕಲಿಸುವ ಕಾಲೇಜುಗಳು ಒಂದೊಂದು ಮಿರರ್‌ಲೆಸ್ ಬಾಡಿಗೆ ಎರಡು ಮೂರು ಅಡಾಪ್ಟರ್ ಇಟ್ಟುಕೊಂಡರೆ ಊರಿನ ಹಳೆಯ ಸ್ಟುಡಿಯೋಗಳಲ್ಲಿ ಉಳಿದಿರುವ ಲೆನ್ಸುಗಳೆಲ್ಲ ಅವುಗಳ ಪ್ರಯೋಗಾಲಯಕ್ಕೆ ಬರಬಲ್ಲವು.

ಆದರೆ ಬೇಗ ಬರಬೇಕು. ಮಲೆನಾಡಿನ, ಕರಾವಳಿಯ ಮಳೆಗಾಲ ಲೆನ್ಸುಗಳಿಗೆ ಒಳ್ಳೆಯದಲ್ಲ. ಚರ್ಮದ ಚೀಲದೊಳಗೆ ಇಟ್ಟು ಬೀರುವಿಗೆ ಸೇರಿಸಿದ ಲೆನ್ಸಿಗೆ ಫಂಗಸ್ ಹಿಡಿಯುವುದು ಬಹುತೇಕ ಖಂಡಿತ, ಏಕೆಂದರೆ ಚರ್ಮವೇ ತೇವ ಹಿಡಿದಿಟ್ಟುಕೊಳ್ಳುತ್ತದೆ. ಶುರುವಿನಲ್ಲಿ ಜೇಡರಬಲೆಯಂಥ ಎಳೆ. ಆಗ ಬಿಚ್ಚಿ ಒರೆಸಿದರೆ ಹೋಗುತ್ತದೆ. ಬಿಟ್ಟರೆ ಗಾಜಿನ ಲೇಪನವನ್ನೇ ಕೊರೆದು ಗುರುತು ಉಳಿಸುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಇದ್ದರೆ ಸಾಕು. ಮನೆಯಲ್ಲಿ ಲೆನ್ಸು ಇರುವವರು ಮೊಬೈಲಿನ ಟಾರ್ಚನ್ನು ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಲಿ. ಅಪರ್ಚರ್ ಎಸಳುಗಳ ಮೇಲೆ ಎಣ್ಣೆ ಜಿನುಗಿದೆಯೇ, ರಿಂಗು ಗಟ್ಟಿಯಾಗಿದೆಯೇ ಪರೀಕ್ಷಿಸಲಿ. ಗಾಜು ಹಳದಿಯಾಗಿದ್ದರೆ ಗಾಬರಿ ಬೇಡ. 50 ಮಿ.ಮೀ. ಎಫ್/1.4 ಟಕುಮಾರಿನಂಥ ಕೆಲವು ಲೆನ್ಸುಗಳಲ್ಲಿ ವಿಕಿರಣಶೀಲ ಥೋರಿಯಂ ಬೆರೆಸಿದ ಗಾಜು ಇದೆ, ವರ್ಷಗಳು ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ನೇರಳಾತೀತ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಅಂಥ ಗಾಜನ್ನು ಉಜ್ಜಿ ಪುಡಿ ಮಾಡುವುದು ಮಾತ್ರ ಕೂಡದು. ಅಡಾಪ್ಟರ್ ಕೊಳ್ಳುವಾಗ ಒಳಗೆ ಗಾಜಿಲ್ಲದ್ದನ್ನೇ ಕೇಳಿ, ಬಾಡಿಯ ಮೆನುವಿನಲ್ಲಿ 'ಲೆನ್ಸ್ ಇಲ್ಲದೆಯೂ ಶಟರ್' ಎಂಬ ಆಯ್ಕೆಯನ್ನು ತೆರೆದಿಡಿ. ಅಂಗಡಿಯವರು ಹೊಂದುವುದಿಲ್ಲ ಎಂದರೆ, ನಿಮ್ಮ ಬಾಡಿಯ ಮೌಂಟಿನಿಂದ ಸೆನ್ಸರಿಗೆ ಎಷ್ಟು ಮಿಲಿಮೀಟರ್ ಎಂದು ಅವರನ್ನು ಕೇಳಿ. ಲೆನ್ಸಿನ ದೂರ ಅದಕ್ಕಿಂತ ಹೆಚ್ಚಿದ್ದರೆ ನಡುವೆ ಬೇಕಾಗುವುದು ಆ ವ್ಯತ್ಯಾಸದಷ್ಟು ಉದ್ದದ ಒಂದು ಕೊಳವೆ ಮಾತ್ರ.